ಹೊಸತೊಡಕಿಗೆ ವೀಸಾ ಸಿಗಲಿಲ್ಲವೇ?

ಲಂಡನ್ನಿನಲ್ಲಿ ಕನ್ನಡಿಗರು ಆಚರಿಸುವ ಯುಗಾದಿ ಒಂದೇ ದಿನದ್ದು. ಹಬ್ಬ ಬುಧವಾರ ಬರಲಿ, ಗುರುವಾರ ಬರಲಿ, ಅದನ್ನು ಹತ್ತಿರದ ಶನಿವಾರಕ್ಕೆ ಎಳೆದು ತಂದು, ಯಾವುದೋ ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿಯುತ್ತೇವೆ. ಬೇವು-ಬೆಲ್ಲ, ಪಂಚಾಂಗ ಶ್ರವಣ, ಮಕ್ಕಳ ಭರತನಾಟ್ಯ, ಒಬ್ಬಟ್ಟಿನ ಊಟ, ವಂದನಾರ್ಪಣೆ. ಇದರಲ್ಲಿ ನನಗೆ ತಕರಾರಿಲ್ಲ. ಒಬ್ಬಟ್ಟನ್ನು ನಾನೂ ಮೂರು ತಿನ್ನುತ್ತೇನೆ. ನನ್ನ ತಕರಾರಿರುವುದು ಮರುದಿನದ ಬಗ್ಗೆ.

ಮಂಡ್ಯ, ಮೈಸೂರು, ರಾಮನಗರ, ತುಮಕೂರು, ಬೆಂಗಳೂರಿನ ಸುತ್ತಮುತ್ತ ಲಕ್ಷಾಂತರ ಮನೆಗಳಿಗೆ ಯುಗಾದಿ ಎಂದರೆ ಎರಡು ದಿನ. ಮೊದಲ ದಿನ ಎಣ್ಣೆನೀರು, ಬೇವು-ಬೆಲ್ಲ, ಸಿಹಿಯಡುಗೆ. ಎರಡನೆಯ ದಿನ ಹೊಸತೊಡಕು. ಕೆಲವರ ಬಾಯಲ್ಲಿ ವರ್ಷತೊಡಕು. ಅಂದು ಬಾಡು, ಅಂದು ಇಸ್ಪೀಟು, ಅಂದು ಕುಡಿತ. ನಮ್ಮೂರಿನಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ವರ್ಷವಿಡೀ ಚೀಟಿ ಕಟ್ಟುತ್ತಿದ್ದರು. ಹೊಸತೊಡಕಿನ ದಿನ ಬೆಳಗಿನ ಜಾವಕ್ಕೇ ಕುರಿ ಕಡಿದು, ಬಾಳೆ ಎಲೆಯ ಮೇಲೆ ಇಷ್ಟಿಷ್ಟೇ ಗುಡ್ಡೆ ಹಾಕಿ, ತಲೆಕಾಲು ಯಾರ ಪಾಲಿಗೆ ಎಂದು ಜಗಳವಾಡಿ ಹಂಚಿಕೊಳ್ಳುತ್ತಿದ್ದರು. ಗುಡ್ಡೆ ಬಾಡು ಎಂದರೆ ಅದೇ. ಮಧ್ಯಾಹ್ನ ಮುದ್ದೆ ಸಾರಿನ ಪಕ್ಕ ಈಚಲ ಹೆಂಡ ಬರುತ್ತಿತ್ತು. ನಮ್ಮಜ್ಜಿ ಅರ್ಧ ಚೊಂಬು ಕುಡಿದು, ಬಾಯೊರೆಸಿಕೊಂಡು, ಸೊಸೆಯಂದಿರಿಗೆ ಇನ್ನೊಂದು ಮುದ್ದೆ ಹಾಕಿಸುತ್ತಿದ್ದಳು. ಅವಳನ್ನು ಯಾರೂ ಸಂಸ್ಕೃತಿಯಿಲ್ಲದವಳು ಎಂದು ಅಂದದ್ದು ನನಗೆ ನೆನಪಿಲ್ಲ.

ಈ ಎರಡನೆಯ ದಿನಕ್ಕೆ ಹೀತ್ರೋದಲ್ಲಿ ಯಾರೂ ತಡೆ ಹಾಕಿಲ್ಲ. ಆದರೂ ಅದು ಇಲ್ಲಿಗೆ ಬಂದಿಲ್ಲ.

ಮೂರು ವರ್ಷದ ಹಿಂದೆ, ನಮ್ಮ ಭಾಗದ ಒಂದು ಸಂಘದ ಸಭೆಯಲ್ಲಿ ಈ ಮಾತೆತ್ತಿದೆ. ಶನಿವಾರ ಯುಗಾದಿ ಮಾಡೋಣ, ಭಾನುವಾರ ಹೊಸತೊಡಕು. ಬೇಕಾದವರು ಬರಲಿ, ಬೇಡದವರು ಬೇಡ. ಪದಾಧಿಕಾರಿಯೊಬ್ಬರು ಬಹಳ ಸಮಾಧಾನದಿಂದಲೇ ಹೇಳಿದರು: "ಸಾರ್, ಇದು ಫ್ಯಾಮಿಲಿ ಪ್ರೋಗ್ರಾಂ. ಮಕ್ಕಳು ಬರ್ತಾರೆ. ಕುಡಿಯೋದು ತಿನ್ನೋದು ಎಲ್ಲ ನಮ್ಮ ಸಂಸ್ಕೃತಿ ಅಲ್ಲ ಅಲ್ವಾ?" ಆ ಕೊನೆಯ "ಅಲ್ವಾ" ನನ್ನನ್ನು ಇಂದಿಗೂ ಕೆಣಕುತ್ತದೆ. ನಾನೂ ಹೌದೆನ್ನುತ್ತೇನೆ ಎಂದು ಅವರು ನಂಬಿದ್ದರು.

ಅದೇ ಸಂಜೆಯ ಕಾರ್ಯಕ್ರಮ ಪಟ್ಟಿಯಲ್ಲಿ ರತ್ನನ ಪದಗಳಿದ್ದವು. ಜಿ. ಪಿ. ರಾಜರತ್ನಂ ಬರೆದ, ಮೈಸೂರು ಅನಂತಸ್ವಾಮಿಯವರು ಊರೂರಿಗೆ ಹಾಡಿ ಹಬ್ಬಿಸಿದ ಆ ಪದಗಳಲ್ಲಿ ಮಾತಾಡುವವನು ಯಾರು? ಹೆಂಡದ ಬುಂಡೆ ಹಿಡಿದ ರತ್ನ. ಕನ್ನಡ ಪ್ರೇಮಕ್ಕೆ ನಾವು ಹೊರದೇಶದ ವೇದಿಕೆಗಳಲ್ಲಿ ಮೊದಲು ನೆನೆಯುವ ಬಾಯಿ ಒಬ್ಬ ಕುಡುಕನದು. ಕಂಚೀ ಸೀರೆ, ರೇಷ್ಮೆ ಶಲ್ಯಗಳೆಲ್ಲ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟುತ್ತವೆ. ಆ ರತ್ನನೇ ಸಭಾಂಗಣದ ಬಾಗಿಲಿಗೆ ಬಂದು ನಿಂತರೆ ಟಿಕೆಟ್ ಕೇಳುವ ಸ್ವಯಂಸೇವಕ ಏನು ಮಾಡುತ್ತಾನೆ?

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಹೋಗೋಣ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ. ಊರಿಂದ ನೆಂಟರು ಬಂದರೆ ನಾವೆಲ್ಲ ಕರೆದೊಯ್ದು ಫೋಟೋ ತೆಗೆಸುವ ಜಾಗ. ಆ ಬಸವಣ್ಣನವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬ. ಕಸುಬು ಹೆಸರಿನಲ್ಲೇ ಇದೆ. ಅವನ ವಚನಗಳನ್ನೂ ನಾವು ಉಳಿದವರ ವಚನಗಳ ಜೊತೆಗೇ ಅಚ್ಚು ಹಾಕಿ ಇಟ್ಟುಕೊಂಡಿದ್ದೇವೆ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಅರಸರ ಕ್ರೀಡೆಗಳನ್ನು ಎಣಿಸುವಾಗ ಮದಿರಾಪಾನವೂ ಒಂದು. ಅರಮನೆಯಲ್ಲಿ ಕ್ರೀಡೆ, ಗುಡಿಸಲಿನಲ್ಲಿ ದುರಭ್ಯಾಸ.

"ನಮ್ಮ ಸಂಸ್ಕೃತಿ ಅಲ್ಲ" ಎಂಬ ಮಾತಿನಲ್ಲಿ "ನಮ್ಮ" ಎಂದರೆ ಯಾರು ಎಂಬುದೇ ಪ್ರಶ್ನೆ. ಇಲ್ಲಿ ಜಾತಿಯ ಮಾತು ಬರಲೇಬೇಕು. ಬರದಂತೆ ನೋಡಿಕೊಳ್ಳುವುದೇ ಇಷ್ಟು ದಿನದ ಶಿಷ್ಟಾಚಾರವಾಗಿದೆ. ಮೊದಮೊದಲು ಇಲ್ಲಿಗೆ ಬಂದು ಸಂಘ ಕಟ್ಟಿದವರಲ್ಲಿ ಬಹಳ ಮಂದಿಯ ಮನೆಯಲ್ಲಿ ಹೊಸತೊಡಕು ಇರಲಿಲ್ಲ. ಅವರು ತಮ್ಮ ಮನೆಯ ಯುಗಾದಿಯನ್ನು ತಂದರು. ಅದಕ್ಕೆ ಅವರನ್ನು ದೂರುವುದಿಲ್ಲ, ಸಂಘ ಕಟ್ಟಿದ ಶ್ರಮ ಅವರದು. ಆದರೆ ಅವರ ಮನೆಯ ಹಬ್ಬಕ್ಕೆ "ಕರ್ನಾಟಕದ ಯುಗಾದಿ" ಎಂದು ಬ್ಯಾನರ್ ಕಟ್ಟಿ ಎರಡು ತಲೆಮಾರು ಕಳೆದಾಗ, ನನ್ನ ಮಗಳು ಹೊಸತೊಡಕು ಎಂಬ ಪದವನ್ನು ಮೊದಲು ಕೇಳಿದ್ದು 2022ರಲ್ಲಿ, ಊರಿನ ಟಿವಿಯಲ್ಲಿ, ಹಲಾಲ್ ಮಾಂಸದ ಜಗಳ ನಡೆದಾಗ. ಹಬ್ಬವಾಗಿ ಅಲ್ಲ, ಜಗಳವಾಗಿ. "ಅಪ್ಪ, ಹೊಸತೊಡಕು ಅಂದ್ರೆ ಏನು?" ಎಂದಳು. ಅವಳಿಗಾಗ ಹದಿನೇಳು ವರ್ಷ. ಹದಿನೈದು ಯುಗಾದಿ ಕಾರ್ಯಕ್ರಮಗಳಿಗೆ ಹೋಗಿ ಬಂದಿದ್ದಳು.

ಹಾಗಾದರೆ ನಮ್ಮ ಯುಗಾದಿಯಲ್ಲಿ ಕುಡಿತವೇ ಇಲ್ಲವೇ? ಇದೆ, ಕಾರ್ ಪಾರ್ಕಿನಲ್ಲಿ. ಸುಗಮ ಸಂಗೀತದ ಹೊತ್ತಿಗೆ ಗಂಡಸರು ಒಬ್ಬೊಬ್ಬರಾಗಿ ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋಗುತ್ತಾರೆ. ಯಾರದೋ ಡಿಕ್ಕಿ ತೆರೆದಿರುತ್ತದೆ, ಅದರೊಳಗೆ ಸಿಂಗಲ್ ಮಾಲ್ಟ್, ಕಾಗದದ ಲೋಟ, ಖಾರಾ ಬೂಂದಿ. ನಿಂತ ನಿಲುವಿನಲ್ಲಿ, ಖಾಲಿ ಹೊಟ್ಟೆಗೆ, ಹೆಂಡತಿ ಹುಡುಕಿಕೊಂಡು ಬರುವುದರೊಳಗೆ ಮುಗಿಸಬೇಕಾದ ಅವಸರದಲ್ಲಿ ಕುಡಿಯುತ್ತಾರೆ. ಆಮೇಲೆ ಏಲಕ್ಕಿ ಜಗಿದು ಒಬ್ಬಟ್ಟಿನ ಸಾಲಿಗೆ. ಆಮೇಲೆ ಕಾರು. ಇಂಗ್ಲೆಂಡಿನಲ್ಲಿ 100 ಮಿಲಿ ಉಸಿರಿಗೆ 35 ಮೈಕ್ರೋಗ್ರಾಂ ದಾಟಿದರೆ ಅಪರಾಧ. ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಲೈಸೆನ್ಸ್ ಇಲ್ಲ. ಹೀಗೊಂದು ಸಂಜೆ ಮನೆಗೆ ಹೊರಟ ನಮ್ಮ ಕಡೆಯ ಹುಡುಗನೊಬ್ಬ ಲೈಸೆನ್ಸ್ ಕಳೆದುಕೊಂಡ, ಅದರ ಹಿಂದೆಯೇ ಡೆಲಿವರಿ ಕೆಲಸವನ್ನೂ. ಅವನಿಗೆ ಲೋಟ ಕೊಟ್ಟವರು ಮುಂದಿನ ಸಲ ಅವನನ್ನು ಮಾತಾಡಿಸಲಿಲ್ಲ. ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಅವರು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ.

ನಾನಿರುವುದು ಎಜ್‌ವೇರ್‌ನಲ್ಲಿ, ನಾರ್ದರ್ನ್ ಲೈನ್ ಮುಗಿಯುವ ಜಾಗ. ಯಹೂದಿ ಕುಟುಂಬಗಳು ಬಹಳ ಇರುವ ಊರು. ಅವರ ಪುರಿಮ್ ಹಬ್ಬ ಬಂತೆಂದರೆ ಬೀದಿಯಲ್ಲಿ ರಾಜ, ರಾಣಿ, ಹುಲಿ, ಪೊಲೀಸಿನ ವೇಷ ತೊಟ್ಟ ಮಕ್ಕಳು ಮನೆಮನೆಗೆ ತಿಂಡಿಯ ತಟ್ಟೆ ಹಂಚುತ್ತಾ ಓಡಾಡುತ್ತಾರೆ. ದೊಡ್ಡವರು ಕುಡಿಯುತ್ತಾರೆ, ಅದೂ ಶಾಸ್ತ್ರದ ಪ್ರಕಾರ. ಖಳನಿಗೆ ಹಾಕುವ ಶಾಪ, ನಾಯಕನಿಗೆ ಕೊಡುವ ಹರಕೆ ಇವೆರಡರ ವ್ಯತ್ಯಾಸ ಗೊತ್ತಾಗದಷ್ಟು ಕುಡಿಯಬೇಕೆಂದು ಅವರ ತಾಲ್ಮುದ್ ಹೇಳುತ್ತದೆ. ಹಾಗೆಂದರೆ ಎಷ್ಟು ಎಂದು ಅವರ ಪಂಡಿತರು ನೂರಾರು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ಸ್ವಲ್ಪ ಕುಡಿದು ಮಲಗಿಬಿಟ್ಟರೂ ವ್ಯತ್ಯಾಸ ಗೊತ್ತಾಗುವುದಿಲ್ಲವಲ್ಲ, ಅಷ್ಟು ಸಾಕು ಎನ್ನುವವರೂ ಇದ್ದಾರೆ. ನನಗೆ ಈ ಜಾಣತನ ಬಹಳ ಇಷ್ಟ. ಒಂದು ತಿಂಗಳಿಗೆ ಪಾಸೋವರ್. ಅಂದು ನಾಲ್ಕು ಲೋಟ ವೈನ್ ಕಡ್ಡಾಯ, ಆದರೆ ಬಾರ್ಲಿ ಹುದುಗಿಸಿದ ಬಿಯರ್ ಮನೆಯಲ್ಲೇ ಇರಕೂಡದು. ಯಾವಾಗ, ಯಾವುದು, ಎಷ್ಟು ಎಂಬುದು ಮೇಜಿನ ಮೇಲೆ, ಮಕ್ಕಳೆದುರಿಗೆ, ಬಹಿರಂಗವಾಗಿ ಚರ್ಚೆಯಾಗುವ ವಿಷಯ. ನಮ್ಮಂತೆಯೇ ಚಂದ್ರನನ್ನು ನೋಡಿ ಅಧಿಕಮಾಸ ಸೇರಿಸುವ ಪಂಚಾಂಗ ಅವರದು. ಬಹುತೇಕ ವರ್ಷ ನಮ್ಮ ಯುಗಾದಿ ಆ ಎರಡು ಹಬ್ಬಗಳ ನಡುವೆ ಬಂದು ಕೂರುತ್ತದೆ. 2025ರಲ್ಲಿ ಪುರಿಮ್ ಮಾರ್ಚ್ 14, ಯುಗಾದಿ ಮಾರ್ಚ್ 30, ಪಾಸೋವರ್ ಏಪ್ರಿಲ್ 12ರ ಸಂಜೆ. ಆಚೆಗೆ ಈಚೆಗೆ ಲೋಟಗಳು, ನಡುವೆ ನಮ್ಮ ಡಿಕ್ಕಿ.

ಸಭೆಯಲ್ಲಿ ಆಗದ ಮೇಲೆ ನಾನು ಮನೆಯಲ್ಲೇ ಶುರು ಮಾಡಿದೆ. ಈ ದೇಶದಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಹಣಕಾಸು ಸಚಿವ ರೆಜಿನಾಲ್ಡ್ ಮೌಡ್ಲಿಂಗ್ ಆ ವರ್ಷದ ಬಜೆಟ್ಟಿನಲ್ಲಿ ಅದನ್ನು ಕಿತ್ತುಹಾಕಿದರು. ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ, ಅಷ್ಟೆ. ಶಿವರಾತ್ರಿಯ ಮರುದಿನ ಒಲೆ ಹಚ್ಚಿದರೆ ಹೊಸತೊಡಕಿಗೆ ಸರಿಯಾಗಿ ಬಾಟಲಿ ತಯಾರು. ಇಪ್ಪತ್ತು ಲೀಟರಿಗೆ ಮೂರು ಕಿಲೋ ಬಾರ್ಲಿ ಮಾಲ್ಟ್, ಒಂದು ಕಿಲೋ ಮೊಳಕೆ ಕಟ್ಟಿದ ರಾಗಿ, 400 ಗ್ರಾಂ ಬೆಲ್ಲ. ಲಂಡನ್ನಿನ ಫೆಬ್ರವರಿಯ ಬಿಸಿಲನ್ನು ನಂಬಿದರೆ ರಾಗಿಗೆ ಬೂಷ್ಟು ಹಿಡಿಯುತ್ತದೆ, ಅವನ್ನಿನ ಸಣ್ಣ ಶಾಖದಲ್ಲೇ ಒಣಗಿಸಿ. ರಾಗಿಯ ಪಿಷ್ಟ ಕರಗಲು ಬಾರ್ಲಿಗಿಂತ ಹೆಚ್ಚು ಶಾಖ ಬೇಕು. ಆದ್ದರಿಂದ ಅದನ್ನು ಪುಡಿ ಮಾಡಿ ಮೊದಲು ಅಂಬಲಿಯಂತೆ ಕುದಿಸಿ, ಆರಿಸಿ, ಆಮೇಲೆ ಬಾರ್ಲಿಯ ಜೊತೆ 65 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಸೋಸಿದ ರಸವನ್ನು ಒಂದು ಗಂಟೆ ಕುದಿಸುವಾಗ ಕಹಿಗೆ ಸ್ವಲ್ಪ ಹಾಪ್ಸ್. ಬೆಲ್ಲ, ಒಂದು ಚಿಟಿಕೆಗಿಂತ ತುಸು ಹೆಚ್ಚು ಒಣ ಬೇವಿನ ಹೂವು ಕೊನೆಯ ಹತ್ತು ನಿಮಿಷಕ್ಕೆ. ತಮಿಳರ ಅಂಗಡಿಯಲ್ಲಿ ಬೇವಿನ ಹೂವು ಸಿಗುತ್ತದೆ. ಎಲೆ ಹಾಕಬೇಡಿ, ಕಷಾಯವಾಗುತ್ತದೆ. 20 ಡಿಗ್ರಿಗೆ ಆರಿಸಿ ಯೀಸ್ಟ್ ಹಾಕಿ ಎರಡು ವಾರ, ಲೀಟರಿಗೆ ಆರು ಗ್ರಾಂ ಸಕ್ಕರೆಯೊಂದಿಗೆ ಬಾಟಲಿಯಲ್ಲಿ ಇನ್ನೆರಡು ವಾರ. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ, ಹುಷಾರು.

ರಾಗಿಯಿಂದ ಬಿಯರಾ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ರಾಗಿ ನಮಗೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ. ಅಲ್ಲಿ ಇಂದಿಗೂ ಅದರಿಂದ ಬಿಯರ್ ಮಾಡುತ್ತಾರೆ. ಸಿಕ್ಕಿಂ, ನೇಪಾಳದ ಕಡೆ ಹುದುಗಿಸಿದ ರಾಗಿಯ ಮೇಲೆ ಬಿಸಿನೀರು ಸುರಿದು ನಳಿಗೆಯಲ್ಲಿ ಹೀರುವ ತೋಂಗ್ಬಾ ಇದೆ. ನನ್ನ ಬಾಟಲಿಯಲ್ಲಿರುವುದು ಬೇವು, ಬೆಲ್ಲ, ರಾಗಿ. ಇದಕ್ಕಿಂತ ಯುಗಾದಿಯ ಪಾನೀಯ ಯಾವುದಿದೆ ನೀವೇ ಹೇಳಿ.

ಬಿಯರ್ ಸೇರದವರಿಗೆ ಪಾನಕ ಮಾಡುತ್ತೇನೆ. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಕಾಳುಮೆಣಸು, ಜೊತೆಗೆ ಸುಟ್ಟ ಮಾವಿನಕಾಯಿಯ ತಿರುಳು. ಕುಡಿಯುವವರ ಲೋಟಕ್ಕೆ 25 ಮಿಲಿ ಜಿನ್, ಅಳತೆ ಮಾಡಿ. ಕುಡಿಯದವರಿಗೂ ಅದೇ ಲೋಟ, ಅದೇ ಪಾನಕ, ಅದೇ ಪುದೀನ ಎಲೆ. ಯಾರು ಯಾವುದನ್ನು ಹಿಡಿದಿದ್ದಾರೆ ಎಂದು ಯಾರೂ ಕೇಳಬೇಕಾಗಿಲ್ಲ. ಈ ವರ್ಷ ನಮ್ಮ ಮನೆಗೆ ಬಂದ ಹನ್ನೆರಡು ಮಂದಿಯಲ್ಲಿ ಐದು ಮಂದಿ ಬರಿ ಪಾನಕ ಕುಡಿದರು, ಹತ್ತು ಮಂದಿ ಬಾಡು ತಿಂದರು, ಇಬ್ಬರು ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡರು. ರಾತ್ರಿ ಎಲ್ಲರೂ ಟ್ಯೂಬ್ ಹಿಡಿದು ಹೋದರು.

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪ ನನಗೆ ಗೊತ್ತಿದೆ, ಮತ್ತು ಅದು ಹಗುರವಾದದ್ದಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಕಾಲಿನ ಬೊಬ್ಬೆಗಳ ಮುಂದೆ ನಿಂತು ಲಂಡನ್ನಿನಲ್ಲಿ ಕೂತವನು ಹೆಂಡದ ಪರ ವಕಾಲತ್ತು ವಹಿಸಬಹುದೇ? ನನ್ನ ಚಿಕ್ಕಪ್ಪ ನಲವತ್ತೆರಡಕ್ಕೇ ಸಾರಾಯಿಯಿಂದ ತೀರಿಕೊಂಡರು. ಆ ಹೆಂಗಸರ ಸಿಟ್ಟು ನನಗೆ ಪುಸ್ತಕದ ವಿಷಯವಲ್ಲ. ಆದರೆ ಚಿಕ್ಕಪ್ಪ ಕುಡಿದದ್ದು ಹೊಸತೊಡಕಿನ ಪಂಕ್ತಿಯಲ್ಲಿ ಅಲ್ಲ. ಕೊಟ್ಟಿಗೆಯ ಹಿಂದೆ, ಒಬ್ಬರೇ, ಕೂಲಿ ಬಂದ ದಿನವೆಲ್ಲ. ಹೊಸತೊಡಕಿನ ದಿನ ಅಜ್ಜಿ ಎದುರಿಗೆ ಕೂತಿದ್ದರಿಂದ ಅವರು ಎರಡನೇ ಚೊಂಬು ಕೇಳುತ್ತಿರಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ 90 ಮಿಲಿಯ ಅಗ್ಗದ ವಿಸ್ಕಿ ಪೊಟ್ಟಣ ಬಂತು. ನಡೆದು ಬಂದ ಹೆಂಗಸರು ದೂರಿದ್ದು ಮನೆಯ ಅಕ್ಕಿಯ ದುಡ್ಡನ್ನು ನುಂಗುವ ಅಂಗಡಿಯನ್ನು, ಅದರ ತೆರಿಗೆಯಲ್ಲಿ ಖಜಾನೆ ತುಂಬಿಸಿಕೊಳ್ಳುವ ಸರ್ಕಾರವನ್ನು. ಅವರ ಹೋರಾಟವನ್ನು ನಮ್ಮ ಸಮಿತಿಯವರು ತಮ್ಮ ಮಡಿಗೆ ಹೊದಿಕೆಯಾಗಿ ಎಳೆದುಕೊಳ್ಳುವುದು ನನಗೆ ಸಹಿಸದು. ಅದೇ ಸಮಿತಿಯ ಅರ್ಧ ಜನ ಡಿಕ್ಕಿಯ ಹತ್ತಿರ ನಿಂತಿರುತ್ತಾರೆ.

ಕಾನೂನಿನ ನೆಪ ಹೇಳುವವರಿಗೂ ಉತ್ತರವಿದೆ. ಹಾಲಿನಲ್ಲಿ ಮದ್ಯ ಮಾರಬೇಕಾದರೆ ಕೌನ್ಸಿಲ್ಲಿಗೆ ಹತ್ತು ಕೆಲಸದ ದಿನ ಮುಂಚೆ ಟೆಂಪೊರರಿ ಇವೆಂಟ್ ನೋಟಿಸ್ ಕೊಟ್ಟು 21 ಪೌಂಡ್ ಕಟ್ಟಿದರೆ ಆಯಿತು. 499 ಜನರವರೆಗೆ ಅವಕಾಶ. ಶಾಲೆಯವರು ಬೇಡ ಎಂದರೆ ಬೇರೆ ಹಾಲ್ ಹುಡುಕಿ. ಮನೆಯಲ್ಲಿ ಮಾಡಿದ ಬಿಯರನ್ನು ಟಿಕೆಟ್ಟಿಗೆ ಸೇರಿಸಿದರೆ ಅದು ಮಾರಾಟವಾಗುತ್ತದೆ. ಅಲ್ಲಿ ಅಂಗಡಿಯದೇ ಇರಲಿ, ಮನೆಯದು ಮನೆಯಲ್ಲಿ.

ಮುಂದಿನ ಸಭೆಗೆ ಬಾಯಿಮಾತಿನ ಬದಲು ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ಶನಿವಾರದ ಜೊತೆ ಭಾನುವಾರಕ್ಕೂ ಹಾಲ್ ಕಾದಿರಿಸಿ. ಆಹ್ವಾನ ಪತ್ರಿಕೆಯಲ್ಲಿ ಎರಡು ದಿನದ ಹೆಸರನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿ. ಸಮಿತಿ ಒಪ್ಪಿದರೂ ಒಪ್ಪದಿದ್ದರೂ ಬಾಡಿನ ಚೀಟಿ ಈ ತಿಂಗಳಿಂದಲೇ ಶುರು, ಮನೆಗೆ ಐದು ಪೌಂಡ್. ಹೆಸರು ಬರೆಸುವವರು ಎಜ್‌ವೇರ್‌ಗೆ ಬನ್ನಿ. ಈ ಸಲದ ಬಾಟಲಿಗಳಲ್ಲಿ ಇನ್ನೂ ಆರು ಉಳಿದಿವೆ.