ಕೈಯೊಳಗಿನ ಉಪಾಧ್ಯಾಯ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯ ಗೃಹಸ್ಥರಿಗೆ ಅನ್ಯಭಾಷೆಯೆಂಬುದು ಅಪರಿಚಿತವಾದ ವಸ್ತುವಲ್ಲ. ತೆಲುಗನ್ನು ಸಂತೆಯಲ್ಲಿಯೂ, ಉರ್ದುವನ್ನು ನೆರೆಮನೆಯಲ್ಲಿಯೂ, ಲಂಬಾಣಿಯನ್ನು ತಾಂಡಾದ ಗೆಳೆಯರಿಂದಲೂ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ ಇರುವರು. ಅದಕ್ಕಾಗಿ ಅವರು ಪುಸ್ತಕ ಹಿಡಿಯಲಿಲ್ಲ. ಆದರೆ ಈಗಿನ ಮಕ್ಕಳು ಕಲಿಯಬಯಸುವ ಜರ್ಮನ್, ಜಪಾನಿ, ಫ್ರೆಂಚ್ ಭಾಷೆಗಳನ್ನಾಡುವ ನೆರೆಯವರು ನಮಗಿಲ್ಲವಷ್ಟೆ. ಆ ಕೊರತೆಯನ್ನು ತುಂಬುವೆನೆಂದು ಮೊಬೈಲ್ ಫೋನಿನೊಳಗೆ ಒಬ್ಬ ಉಪಾಧ್ಯಾಯನು ಬಂದು ಕುಳಿತಿರುವನು. ಆ್ಯಪ್ ಎಂದು ಆತನ ಹೆಸರು. ಆತನ ಗುಣದೋಷಗಳನ್ನು ಈ ತಿಂಗಳು ವಿಚಾರಿಸೋಣ.

ಕೊಟ್ಟೂರಿನಲ್ಲಿರುವ ನನ್ನ ಅಣ್ಣನ ಮಗಳು ನರ್ಸಿಂಗ್ ಓದಿದವಳು. ಜರ್ಮನಿಯ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ಬೇಡಿಕೆ ಬಹಳವಾಗಿದೆ. ಆದರೆ ಅಲ್ಲಿ ಪೂರ್ಣ ಮಾನ್ಯತೆ ದೊರೆಯಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬರಬೇಕು. ಎ1ರಿಂದ ಸಿ2ರವರೆಗಿನ ಆರು ಮೆಟ್ಟಲುಗಳಲ್ಲಿ ಇದು ನಾಲ್ಕನೆಯದು. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನದಂತಹ ಸಂಸ್ಥೆಯುಂಟು. ಆದರೆ ಅದು ನಮಗೆ ಸುಮಾರು 300 ಕಿಲೋಮೀಟರ್ ದೂರ. ಅಲ್ಲಿ ತಿಂಗಳುಗಟ್ಟಲೆ ಇರುವ ವೆಚ್ಚವನ್ನು ಎಲ್ಲ ಮನೆಗಳೂ ತಾಳಲಾರವು. ಆದುದರಿಂದ ಹುಡುಗಿಯು ಒಂದು ಪಾಠಪುಸ್ತಕವನ್ನೂ ಒಂದು ಆ್ಯಪನ್ನೂ ನೆಚ್ಚಿ, ಒಂದೂವರೆ ವರ್ಷ ಒಂದು ದಿನವೂ ತಪ್ಪದೆ ಅಭ್ಯಾಸ ಮಾಡಿದಳು.

ಮೊದಲು ಗುಣವನ್ನು ಹೇಳುವುದು ನ್ಯಾಯ. ಈ ಉಪಾಧ್ಯಾಯನು ಸಿಟ್ಟಾಗುವುದಿಲ್ಲ. ನೂರು ಸಲ ತಪ್ಪಿದರೂ ನಗುವುದಿಲ್ಲ. ಮನೆಗೆಲಸ ಮುಗಿದ ರಾತ್ರಿ ಹತ್ತು ಗಂಟೆಗೂ ಸಿದ್ಧನಾಗಿರುವನು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದು ಆತನ ಮುಖ್ಯ ವಿದ್ಯೆ. ಕಲಿತುದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಪಾಲು ಜಾರಿಹೋಗುವುದೆಂದು ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದನು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತನು ಇದಕ್ಕೆ ಚೀಟಿಗಳ ಪೆಟ್ಟಿಗೆಯ ಉಪಾಯವನ್ನು ತೋರಿಸಿದನು: ಬಂದ ಶಬ್ದದ ಚೀಟಿ ಮುಂದಿನ ಮನೆಗೆ, ಬಾರದ ಶಬ್ದದ್ದು ಮತ್ತೆ ಮೊದಲ ಮನೆಗೆ. 2012ರಲ್ಲಿ ಎಲ್ಲರಿಗೂ ತೆರೆದ ಡ್ಯುಯೊಲಿಂಗೊ ಮೊದಲಾದ ಆ್ಯಪುಗಳು ಇದೇ ತತ್ತ್ವವನ್ನು ಫೋನಿಗೆ ತಂದುವು. ಜರ್ಮನ್ನಿನಲ್ಲಿ ಚಮಚವು ಪುಲ್ಲಿಂಗ, ಮುಳ್ಳುಚಮಚವು ಸ್ತ್ರೀಲಿಂಗ, ಚಾಕುವು ನಪುಂಸಕ! ಇದಕ್ಕೆ ತರ್ಕವಿಲ್ಲ, ಆವೃತ್ತಿಯೊಂದೇ ಗತಿ. ಅಂತಹ ಕೆಲಸಕ್ಕೆ ಆ್ಯಪಿಗಿಂತ ಸಹನೆಯುಳ್ಳವರು ಸಿಗಲಾರರು.

ಇನ್ನು ದೋಷ. ನಮ್ಮ ಹುಡುಗಿಯು ಬಿ1 ಪರೀಕ್ಷೆಗೆ ಕುಳಿತಳು. ಓದು, ಕೇಳುವಿಕೆ, ಬರಹ, ಮಾತು ಎಂದು ಅದಕ್ಕೆ ನಾಲ್ಕು ಭಾಗಗಳು. ಪ್ರತಿಯೊಂದರಲ್ಲಿಯೂ 100ಕ್ಕೆ 60 ಬರಬೇಕು. ಮೂರರಲ್ಲಿ ಗೆದ್ದಳು, ಮಾತಿನಲ್ಲಿ ಸೋತಳು. ಅಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಎದುರುಬದುರು ಕೂಡಿಸಿ, ಒಂದು ಕಾರ್ಯವನ್ನು ಕುರಿತು ಮಾತಾಡಿಕೊಂಡು ಗೊತ್ತುಮಾಡಿರೆಂದು ಹೇಳುವರು. ಮನೆಗೆ ಬಂದು ಅವಳೆಂದಳು: "ಚಿಕ್ಕಪ್ಪಾ, ಶಬ್ದಗಳೆಲ್ಲ ಗೊತ್ತಿದ್ದವು. ಆದರೆ ಎದುರಿನವಳು ಕೇಳಿದ ಕೂಡಲೆ, ಆರಿಸಿಕೊಳ್ಳಲು ನಾಲ್ಕು ಉತ್ತರಗಳು ಕಣ್ಣ ಮುಂದೆ ಇರಲಿಲ್ಲ." ದೋಷದ ತಿರುಳೆಲ್ಲವೂ ಈ ಮಾತಿನಲ್ಲಿಯೇ ಇದೆ. ಗುರುತಿಸುವುದು ಬೇರೆ, ಹುಟ್ಟಿಸಿ ಆಡುವುದು ಬೇರೆ. ಅಂಕಗಳು ಏರಿದುದನ್ನು ಕಂಡು ಭಾಷೆಯೇ ಬಂದಿತೆಂದು ಅವಳೂ ನಂಬಿದ್ದಳು, ನಾವೂ ನಂಬಿದ್ದೆವು.

ಇನ್ನೊಂದು ದೋಷವು ನಮ್ಮಂತಹ ಕನ್ನಡಿಗರಿಗೆ ವಿಶೇಷವಾದುದು. ಅವಳ ಆ್ಯಪು ಜರ್ಮನ್ನನ್ನು ಇಂಗ್ಲಿಷಿನ ಮೂಲಕ ಕಲಿಸುತ್ತಿತ್ತು. ಚಳಿಯಾಗುತ್ತಿದೆಯೆಂಬುದನ್ನು ಇಂಗ್ಲಿಷಿನ ಜಾಡಿನಲ್ಲಿಯೇ ಜರ್ಮನ್ನಿಗೆ ತಿರುಗಿಸಿ, ಅವಳು "ಇಶ್ ಬಿನ್ ಕಾಲ್ಟ್" ಎಂದು ಬರೆದಿದ್ದಳು. ಜರ್ಮನರಿಗೆ ಅದು ತಾನು ಮರುಕವಿಲ್ಲದವಳೆಂದು ಹೇಳಿಕೊಂಡಂತೆ ಕೇಳಿಸೀತು! ಅವರಾಡುವುದು "ಮೀರ್ ಇಸ್ಟ್ ಕಾಲ್ಟ್" ಎಂದು. ಅದು ನಮ್ಮ "ನನಗೆ ಚಳಿ" ಎಂಬುದೇ ಅಲ್ಲವೆ? ಹಾಗೆಯೇ ನಮ್ಮ ನೀನು, ನೀವು ಎಂಬ ಭೇದವು ಅವರಲ್ಲಿ ದೂ, ಜೀ ಎಂದು ಉಂಟು. ಇಂದಿನ ಇಂಗ್ಲಿಷಿನಲ್ಲಿ ಅದಿಲ್ಲ. ಕಾರಣ ಹೇಳುವ ಉಪವಾಕ್ಯದಲ್ಲಿ ಅವರ ಕ್ರಿಯಾಪದವು ನಮ್ಮದರಂತೆ ಕೊನೆಗೆ ಬರುವುದು. ಮನೆಯಲ್ಲಿಯೇ ಇದ್ದ ಕೀಲಿಕೈಯನ್ನು ಬಿಟ್ಟು ಊರೆಲ್ಲ ಹುಡುಕಿದಂತಾಯಿತು ನಮ್ಮ ಹುಡುಗಿಯ ಶ್ರಮ.

ಹಾಗಾದರೆ ಆ್ಯಪನ್ನು ಬಿಡಬೇಕೆ? ಬೇಡ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದನು. ಆತನಿಗೆ ಕನ್ನಡವು ಪರದೇಶದ ಭಾಷೆ. ಆದರೆ ಸುತ್ತಲೂ ಕನ್ನಡವನ್ನಾಡುವ ಜನರಿದ್ದರು. ಇಂದಿಗೂ ಹಂಪೆಯ ಮಾರ್ಗದರ್ಶಕರಲ್ಲಿ ಕೆಲವರು ಪ್ರವಾಸಿಗಳೊಡನೆ ಆಡಿ ಆಡಿಯೇ ಪರಭಾಷೆಯನ್ನು ರೂಢಿಸಿಕೊಂಡವರು. ಆ್ಯಪು ಶಬ್ದಗಳನ್ನು ಕೂಡಿಸಿಕೊಡುವುದು. ಉತ್ತರಕ್ಕಾಗಿ ಕಾದು ಕುಳಿತ ಮನುಷ್ಯನನ್ನು ನಾವೇ ಒದಗಿಸಿಕೊಳ್ಳಬೇಕು.

ಆದುದರಿಂದ ಮನೆಯ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳು ಗಳಿಸಿದ ಅಂಕವನ್ನು ಕೇಳಬೇಡಿರಿ. ಇಂದು ಏನು ಮಾತಾಡಿದೆಯೆಂದು ಕೇಳಿರಿ. ಫೋನಿನಲ್ಲಿ ತೋರುವ ಉತ್ತರಗಳನ್ನು ಕೈಯಿಂದ ಮುಚ್ಚಿ, ಮೊದಲು ಬಾಯಿಬಿಟ್ಟು ಹೇಳುವ ರೂಢಿಯನ್ನು ಮಾಡಿಸಿರಿ. ಪ್ರತಿಯೊಂದು ಹೊಸ ವಾಕ್ಯಕ್ಕೂ ಕನ್ನಡದ ಅರ್ಥವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಿಸಿರಿ. ಅದೇ ಭಾಷೆಯನ್ನು ಕಲಿಯುವ ಇನ್ನೊಬ್ಬರೊಡನೆ ವಾರಕ್ಕೆರಡು ಸಲವಾದರೂ ಮಾತಾಡುವ ಏರ್ಪಾಡು ಇರಲಿ. ಉಚಿತವಾದ ಭಾಗವನ್ನು ಎರಡು ತಿಂಗಳು ನಡೆಯಿಸಿ ನೋಡದೆ ವರ್ಷದ ಚಂದಾವನ್ನು ತೆರಬಾರದು.

ನಮ್ಮ ಮನೆಯಲ್ಲಿ ಈ ಕ್ರಮವನ್ನೇ ಹಿಡಿದೆವು. ಹರಪನಹಳ್ಳಿಯ ಇನ್ನೊಬ್ಬ ನರ್ಸು ಸಂಜೆಯ ಹೊತ್ತು ಫೋನಿನಲ್ಲಿ ಜೊತೆಯಾದಳು. ರಾತ್ರಿಯಲ್ಲಿ ನಮ್ಮ ತಾಯಿಯವರು ಮಂಚದ ಮೇಲೆ ರೋಗಿಯಂತೆ ಮಲಗಿ, "ಚಳಿ ಆಗಾಕ ಹತ್ತೈತವ್ವಾ, ಹೊದಿಸು" ಎನ್ನುವರು. ಮೊಮ್ಮಗಳು ಹೊದಿಕೆಯನ್ನೆಳೆಯುತ್ತ ಜರ್ಮನ್ನಿನಲ್ಲಿ ಸಮಾಧಾನ ಹೇಳುವಳು. ಅಜ್ಜಿಗೆ ಒಂದು ಅಕ್ಷರವೂ ತಿಳಿಯದು. ಆದರೂ ಉತ್ತರ ತಡವಾದರೆ ಸುಮ್ಮನಿರುವವರಲ್ಲ! ನಾಲ್ಕು ತಿಂಗಳ ಮೇಲೆ ಮಾತಿನ ಭಾಗವನ್ನು ಮಾತ್ರ ಮತ್ತೆ ಬರೆಯಿಸಿಕೊಂಡು ಕುಳಿತ ಹುಡುಗಿಯು ಉತ್ತೀರ್ಣಳಾದಳು. ಬಿ2 ಇನ್ನೂ ಮುಂದಿದೆ. ಫೋನಿನ ಉಪಾಧ್ಯಾಯನನ್ನು ಅವಳು ಬಿಟ್ಟಿಲ್ಲ, ಅಜ್ಜಿಯನ್ನೂ ಬಿಟ್ಟಿಲ್ಲ.