ಕಡೆಯ ಕಂತಿಗೆ ಮುನ್ನ

ಬೈಲಹೊಂಗಲ, ಸವದತ್ತಿ ಭಾಗದ ಎರೆಭೂಮಿಯು ಹತ್ತಿಗೆ, ಬಿಳಿಜೋಳಕ್ಕೆ ಹಿತವಾದುದೇ ಹೊರತು ಗೋಡೆಗೆ ಅಲ್ಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನಲ್ಲಿ ಬುನಾದಿಯನ್ನು ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಸದಿದ್ದರೆ, ಗುರುಪ್ರವೇಶದ ತೋರಣ ಒಣಗುವ ಮೊದಲೇ ಗೋಡೆ ಸೀಳುತ್ತದೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಹಣವೆಲ್ಲ ಸಂದಾಯವಾಗಿತ್ತು, ಕರಾರು ಬಾಯಿಮಾತಿನದು. ಗುತ್ತಿಗೆದಾರರು ಬೀಗರ ಕಡೆಯವರಾದುದರಿಂದ ಕಟುವಾಗಿ ಕೇಳಲು ನಮಗೆ ಸಂಕೋಚ. ಅವರು "ನೋಡೂಣ್ರಿ" ಎನ್ನುತ್ತ ಮೂರು ಮಳೆಗಾಲ ಕಳೆದರು.

ಮನೆ ಕಟ್ಟಿಸುತ್ತಿರುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಕಡೆಯ ಕಂತನ್ನು ಕೊಡುವ ಮುನ್ನ ಗುತ್ತಿಗೆದಾರರೊಡನೆ ಮನೆಯನ್ನೆಲ್ಲ ಸುತ್ತಿರಿ. ಮಾಳಿಗೆಯ ಮೇಲೆ ನೀರು ಕಟ್ಟಿ ಒಂದು ಹಗಲು, ಒಂದು ರಾತ್ರಿ ಬಿಡಿರಿ. ಬಚ್ಚಲಿನಲ್ಲಿ ಒಂದು ಕೊಡ ನೀರು ಸುರಿದು ಅದು ಹರಿಯುವ ದಿಕ್ಕನ್ನು ನೋಡಿರಿ. ಕಂಡ ದೋಷಗಳನ್ನು ಬರೆದು ಇಬ್ಬರೂ ಸಹಿ ಮಾಡಿರಿ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗುರುತು ಮಾಡಿ ತಾರೀಖು ಬರೆದರೆ, ಅದು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಗಿಲಾವಿನ ಕೂದಲೆಳೆಯಂಥ ಬಿರುಕಿಗೆ ಜಗಳ ಬೇಡ.

2016ರ ರೇರಾ ಕಾಯಿದೆಯು 5 ವರ್ಷದೊಳಗೆ ತಿಳಿಸಿದ ದೋಷವನ್ನು ಖರ್ಚಿಲ್ಲದೆ ಸರಿಪಡಿಸಿಕೊಡಬೇಕೆನ್ನುತ್ತದೆ. ಆದರೆ ಅದು ಮಾರಾಟಕ್ಕೆಂದು ಕಟ್ಟುವ ದೊಡ್ಡ ಯೋಜನೆಗಳಿಗೆ. ಸ್ವಂತ ಜಾಗದಲ್ಲಿ ಗುತ್ತಿಗೆ ಕೊಟ್ಟು ಕಟ್ಟಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ದಾರಿ. ಮನೆ ನಿರ್ಮಾಣವೂ ಅದರಲ್ಲಿ ಸೇವೆಯೇ. ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬೇಕು. ನಾವು ವಕೀಲರ ಬಳಿ ಹೋದಾಗ ಆ ಅವಧಿ ಮೀರಿತ್ತು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಗೋಡೆಯನ್ನು ನಮ್ಮ ಖರ್ಚಿನಲ್ಲಿಯೇ ಕೆಡವಿ ಕಟ್ಟಿಸಿದೆವು.