ಗಡಿಯಾರದ ಲೆಕ್ಕ ಯಾರಿಗೆ?

ಹೆತ್ತವರ ಕೈಗೆ ಸ್ಮಾರ್ಟ್‌ವಾಚ್ ಕಟ್ಟಿ, ಅದರ ಆ್ಯಪನ್ನು ತಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳುವ ಮಕ್ಕಳಿದ್ದಾರೆ. ಕಾಳಜಿಯೇನೋ ಸರಿ. ಆದರೆ ನಾಡಿಬಡಿತ, ನಿದ್ದೆ, ಹೆಜ್ಜೆಗಳ ವಿವರವೆಲ್ಲ ಬೆಂಗಳೂರಿಗೋ ನ್ಯೂಜೆರ್ಸಿಗೋ ಹೋಗುತ್ತದೆ. ಕಟ್ಟಿಕೊಂಡವರಿಗೆ ಸಿಗುವುದು ‘ಇವತ್ತು ಯಾಕೆ ನಡೆದಿಲ್ಲ?’ ಎಂಬ ವಿಚಾರಣೆ.

ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನೇ ನೋಡಿ. 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹಬ್ಬಿದ ಸಂಖ್ಯೆ ಅದು. ಮಂಡಿನೋವಿನ ಎಪ್ಪತ್ತೈದರ ಅಜ್ಜಿಗೆ ಅದರಿಂದ ಬರುವುದು ಬೇಸರವಷ್ಟೇ. ‘ಹೋದ ತಿಂಗಳಿಗಿಂತ ಈ ತಿಂಗಳು ನಡಿಗೆ ಕಡಿಮೆಯಾಗಿದೆ’ ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಒಂದೇ ವಾಕ್ಯ ಬಂದರೆ ಅವರಿಗೂ ಅರ್ಥವಾದೀತು, ವೈದ್ಯರಿಗೂ ರಾಶಿ ಗ್ರಾಫ್‌ಗಳಿಗಿಂತ ಉಪಯೋಗವಾದೀತು. ಹೃದಯದ ಲಯ ತಪ್ಪಿದೆ ಎಂಬ ಸೂಚನೆ ಬಂದರೆ ಇಸಿಜಿ ಮಾಡಿಸಿ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ಮೊದಲೇ ತಿಳಿಸಿದ್ದರೆ ನಡುರಾತ್ರಿಯ ಗಾಬರಿ ತಪ್ಪುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಮಂದಿಯ ಖಾಸಗಿ ಬಳಕೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಗಡಿಯಾರದ ವಿವರ ನೋಡಲು ಹೆತ್ತವರ ಒಪ್ಪಿಗೆಯನ್ನು ಮಕ್ಕಳೇ ಬಾಯಿಬಿಟ್ಟು ಕೇಳಬೇಕು. ಯಾವ ವಿವರ ಮಗನಿಗೆ, ಯಾವುದು ಸೊಸೆಗೆ, ಯಾವುದು ಯಾರಿಗೂ ಬೇಡ ಎಂಬುದನ್ನು ಹಿರಿಯರೇ ತೀರ್ಮಾನಿಸಲಿ. ಸಾಕೆನಿಸಿದ ದಿನ ಬಿಚ್ಚಿಡಲಿ.